ಎದುರು ಮನೆಯ ಹುಲ್ಲು

ನಮ್ಮೂರಿನಲ್ಲಿ ಸಂಬಂಧ ನೋಡಲು ಬಂದವರು ಹುಡುಗನ ಮುಖ ನೋಡುವುದಕ್ಕೆ ಮೊದಲು ಮನೆಯ ಸುತ್ತ ಒಂದು ಸುತ್ತು ಬರುತ್ತಾರೆ. ನನ್ನನ್ನು ಈ ಮನೆಗೆ ಕೊಡುವಾಗ ನಮ್ಮಪ್ಪನೂ ಹಾಗೆಯೇ ಮಾಡಿದ. ಚಪ್ಪಲಿ ಕಳಚಿಟ್ಟು ಹಿತ್ತಲೆಲ್ಲ ಓಡಾಡಿ, ಬಗ್ಗಿ ಒಂದು ಹಿಡಿ ಹುಲ್ಲು ಹಿಡಿದು ಜಗ್ಗಿ ನೋಡಿದ. ಎಲೆ ಹರಿದು ಕೈಗೆ ಬಂತೇ ಹೊರತು ಬೇರು ಅಲುಗಲಿಲ್ಲ. ಆಮೇಲೆ ಒಳಗೆ ಬಂದು ಕೂತು, ಕೊಟ್ಟ ಕಾಫಿ ಕುಡಿದು, "ಆಯ್ತು, ಮಾತು ಮುಂದುವರಿಸಾಣ" ಅಂದ. ನಮ್ಮೂರ ನೆಲ ನಿಂತಲ್ಲಿ ನಿಲ್ಲುವುದಲ್ಲ. ಪಡುವಣ ಬಯಲಿನ ಕಡೆಗೆ ಸದ್ದಿಲ್ಲದೆ ಜರುಗುತ್ತಲೇ ಇರುತ್ತದೆ. ಬೇರು ಹಿಡಿದ ಕಡೆ ಮನೆ ನಿಲ್ಲುತ್ತದೆ, ಬೇರು ಬಿಟ್ಟ ಕಡೆ ಮನೆ ಹಿತ್ತಲ ಸಮೇತ ಹೊರಡುತ್ತದೆ. ಗೋಡೆ ಬಿರಿಯುವುದಿಲ್ಲ, ಹಂಚು ಉದುರುವುದಿಲ್ಲ, ಒಲೆಯ ಮೇಲಿನ ಸಾರು ಕೂಡ ತುಳುಕುವುದಿಲ್ಲ. ಹೋಗುತ್ತದೆ, ಅಷ್ಟೇ. ಬಯಲಿನ ಕೊನೆಗೆ ಒಂದು ದಿಬ್ಬವಿದೆ. ದಿಬ್ಬ ದಾಟಿದ ಮನೆಯವರು ಮರಳಿ ಬಂದದ್ದನ್ನು ಯಾರೂ ಕಂಡಿಲ್ಲ. ಅವರಿಗೆ ಕೆಡುಕಾಯಿತು ಎಂಬ ಸುದ್ದಿಯೂ ಬಂದಿಲ್ಲ.

ಹಿಡಿದು ನಿಲ್ಲಿಸುವುದು ಬಹಿಯಾ ಹುಲ್ಲು. ನೋಡಲು ಚಂದವೇನಲ್ಲ. ಗರಿಕೆಯ ನಯ ಅದಕ್ಕಿಲ್ಲ. ಎಲೆ ಅಗಲ, ಒರಟು. ನಾಲ್ಕು ಸಲ ಬೀಸುವಷ್ಟರಲ್ಲಿ ಕುಡುಗೋಲು ಮೊಂಡಾಗುತ್ತದೆ. ಮಳೆಗಾಲದಲ್ಲಿ ಇವತ್ತು ಕೊಯ್ದರೆ ನಾಳಿದ್ದಿಗೆ ಮತ್ತೆ ತೆನೆ ಎತ್ತಿ ನಿಂತಿರುತ್ತದೆ, ಪ್ರತಿ ತೆನೆಯ ತುದಿಯಲ್ಲೂ ಎರಡು ಕವಲು. ಆದರೆ ಬರೀ ಮರಳಿನಲ್ಲೂ ಬದುಕುತ್ತದೆ, ಗೊಬ್ಬರ ಕೇಳುವುದಿಲ್ಲ, ಬೇಸಿಗೆಯಲ್ಲಿ ಒಣಗಿದ ಹಾಗೆ ಕಂಡರೂ ಒಂದು ಮಳೆಗೆ ಏಳುತ್ತದೆ. ಒಮ್ಮೆ ಬೇರು ಇಳಿಸಿತೆಂದರೆ ದನ ಎಷ್ಟು ಬುಡಕ್ಕೆ ಮೇಯ್ದರೂ ಸಾಯುವುದಿಲ್ಲ. ಇಳಿಸುವ ತನಕ ಮಾತ್ರ ತಾಳ್ಮೆ ಬೇಕು. ಅದರ ಬೀಜದ ಮೈಮೇಲೆ ಮೇಣ ಸವರಿದಂಥ ಸಿಪ್ಪೆ. ನೀರು ಒಳಗೆ ಹೋಗುವುದೇ ಕಷ್ಟ. ಇವತ್ತು ಬಿತ್ತಿದ್ದರಲ್ಲಿ ಅರ್ಧ ಈ ಮಳೆಗೆ ಬಂದರೆ ಇನ್ನರ್ಧ ಮುಂದಿನ ಮಳೆಗೆ ಬಂದೀತು.

ನಾನು ಈ ಮನೆಗೆ ಕಿರಿಯ ಸೊಸೆಯಾಗಿ ಬಂದಾಗ ಹಿರಿಯ ಸೊಸೆ ದೇವೀರಮ್ಮ ಇಲ್ಲಿ ಸಂಸಾರ ಹೂಡಿ ಬಹಳ ವರ್ಷವಾಗಿತ್ತು. ವಾರಗಿತ್ತಿಯಾದರೂ ನಾನು ಅವಳನ್ನು ಅಕ್ಕ ಅಂತಲೇ ಕರೆದೆ. ಮನೆಯ ಸುತ್ತಲಿನ ಹುಲ್ಲೆಲ್ಲ ಅವಳದೇ ಜವಾಬ್ದಾರಿ. ಎಲ್ಲಿ ಕೊಯ್ಯಬೇಕು, ಎಲ್ಲಿಗೆ ಹಸು ಬಿಡಬೇಕು, ಎಲ್ಲಿ ಬಿಡಬಾರದು, ಅವಳೇ ಹೇಳಬೇಕು. ನಾನು ಬಂದ ಮೊದಲ ವಾರ ಒಲೆಯ ಬೂದಿ ಕಲಸಿದ ನೀರನ್ನು ಹಿತ್ತಲಿಗೆ ಎರಚಿದ್ದಕ್ಕೆ ನನ್ನ ಕೈಯಿಂದ ಪಾತ್ರೆ ಕಿತ್ತುಕೊಂಡಿದ್ದಳು. "ಬೂದಿ ನೀರು ಬಿದ್ರೆ ಹಳದಿಗೆ ತಿರುಗ್ತದೆ ಕಣೇ ನೀಲಾ. ಬೇರೆ ಎಲ್ಲಿಗಾದ್ರೂ ಚೆಲ್ಲು" ಅಂದಳು. ಬೈದದ್ದು ಅಷ್ಟೇ. ಅವಳಿಗೆ ಮಕ್ಕಳಿರಲಿಲ್ಲ. ಮಾತೂ ಕಡಿಮೆ. ಇದ್ದ ಮಾತನ್ನೆಲ್ಲ ಎದುರು ಮನೆಯ ಮಲ್ಲಾಜಮ್ಮನಿಗೆ ಎತ್ತಿಟ್ಟಿರುತ್ತಿದ್ದಳು.

ಅವರಿಬ್ಬರೂ ಒಂದೇ ವರ್ಷ, ಒಂದೇ ಬೀದಿಗೆ, ಎದುರು ಬದುರು ಮನೆಗೆ ಮದುವೆಯಾಗಿ ಬಂದವರು. ಮಧ್ಯದ ಬೀದಿ ಒಂದು ಕೈಗಾಡಿ ಹೋಗುವಷ್ಟೇ ಅಗಲ. ಈ ಮೆಟ್ಟಿಲ ಮೇಲೆ ಇವಳು, ಆ ಮೆಟ್ಟಿಲ ಮೇಲೆ ಅವಳು ನಿಂತು ಕೈ ಚಾಚಿದರೆ ಹೆಪ್ಪಿನ ಬಟ್ಟಲು ಕೈಯಿಂದ ಕೈಗೆ ದಾಟುತ್ತಿತ್ತು. ಮಲ್ಲಾಜಮ್ಮನ ಗಂಡ ಶಾಂತಪ್ಪ ಬಡಗಿ. ಬಾಯಲ್ಲಿ ಸದಾ ಎರಡು ಮೊಳೆ ಕಚ್ಚಿಕೊಂಡಿರುತ್ತಿದ್ದ ಮನುಷ್ಯ, ಹಾಗಾಗಿ ಅವನೂ ಮಾತಾಡುತ್ತಿರಲಿಲ್ಲ. ಅವರಿಗೆ ಒಬ್ಬ ಮಗ ಇದ್ದ, ಮುರಿಗೆಪ್ಪ. ಅರ್ಧ ದಿನ ಆ ಮನೆಯಲ್ಲಿ, ಅರ್ಧ ದಿನ ಈ ಮನೆಯಲ್ಲಿ ಬೆಳೆದ ಕೂಸು. ನಮ್ಮಕ್ಕನನ್ನು ದೊಡ್ಡವ್ವ ಅನ್ನುತ್ತಿತ್ತಂತೆ. ನಾನು ಬರುವುದಕ್ಕೆ ಮೊದಲೇ ಜ್ವರ ಬಂದು ತೀರಿಹೋಗಿತ್ತು. ನಮ್ಮೂರಿನಲ್ಲಿ ಸತ್ತವರನ್ನು ಅವರವರ ಹಿತ್ತಲಿನಲ್ಲೇ, ಹುಲ್ಲಿನ ಅಡಿಯಲ್ಲಿ ಮಲಗಿಸುತ್ತಾರೆ. ಆ ಮಗುವಿಗೆ ಕೊನೆಯ ಸ್ನಾನ ಮಾಡಿಸಿದವಳು ನಮ್ಮಕ್ಕ. ಮೇಲೆ ಹುಲ್ಲಿನ ಹೆಂಟೆ ಜೋಡಿಸಿ ನೀರು ಹಾಕಿದವಳೂ ಅವಳೇ.

ನಾನು ಚೊಚ್ಚಲ ಬಸುರಿಯಾಗಿದ್ದ ವರ್ಷ, ಮುಂಗಾರು ಹಿಡಿದ ಹೊಸತರಲ್ಲಿ, ಅಕ್ಕ ಕೊಟ್ಟಿಗೆಯ ಹಿಂದೆ ಕೊಯ್ಯುತ್ತಿದ್ದವಳು ತಟಕ್ಕನೆ ನಿಂತಳು. ಕಾಲಡಿ ನೆಲ ಹಿಟ್ಟು ತುಂಬಿದ ಚೀಲದಂತೆ ಮೆತ್ತಗಿತ್ತು. ಮಣ್ಣಿನ ಮೇಲೆ ಬೆರಳು ಎಳೆದ ಹಾಗೆ ಉಬ್ಬಿದ ಗೆರೆಗಳು. ಅವಳು ಅಂಟುವಾಳ ನೆನೆಸಿ ಕಿವುಚಿ, ನೊರೆ ನೀರನ್ನು ಕೊಡದಲ್ಲಿ ತಂದು ಆ ಗೆರೆಗಳ ಮೇಲೆ ಸುರಿದಳು. ಸ್ವಲ್ಪ ಹೊತ್ತಿಗೆ ಮಣ್ಣು ಕೊರೆಯುವ ಕಂದು ಹುಳಗಳು, ಮಿಡತೆಯ ಮೈ, ಗುದ್ದಲಿಯಂಥ ಮುಂಗಾಲು, ಒಂದೊಂದಾಗಿ ಮೇಲೆ ಬಂದವು. ಕೋಳಿಗಳು ಓಡಿ ಬಂದು ತಿಂದವು. ಅಕ್ಕ ಕೈ ಒರೆಸಿಕೊಂಡು ಬೀದಿಗೆ ಹೋಗಿ ಕೂಗಿದಳು.

"ಮಲ್ಲಾಜಿ, ಹಿತ್ತಲ ಕಡೆ ಒಂದ್ಸಲ ಓಡಾಡ್ಕೊಂಡು ಬಾ. ನಮ್ಮಲ್ಲಿ ಹುಳ ಬಿದ್ದವೆ."

"ಇರು ಕಣೇ, ಅನ್ನಕ್ಕೆ ಇಟ್ಟಿದೀನಿ. ಬಸಿದು ನೋಡ್ತೀನಿ."

ಅನ್ನ ಬಸಿದು ಹೋದವಳು ಬಹಳ ಹೊತ್ತು ಬರಲಿಲ್ಲ. ನಾವಿಬ್ಬರೂ ಹೋಗಿ ನೋಡಿದಾಗ ಅವಳು ಮನೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಹುಲ್ಲಿನ ಒಂದು ತುದಿ ಹಿಡಿದಿದ್ದಳು. ಹಾಗೇ ಎತ್ತಿದರೆ ಹಾಸಿದ ಕಂಬಳಿ ಎತ್ತಿದ ಹಾಗೆ ಉದ್ದಕ್ಕೂ ಎದ್ದು ಬರುತ್ತಿತ್ತು. ಮೇಲೆ ಹಸಿರು, ಅಡಿಯಲ್ಲಿ ಒಂದು ಎಳೆ ಬೇರಿಲ್ಲ. ಆ ಕಡೆ ಯಾರೂ ತುಳಿದಾಡುತ್ತಿರಲಿಲ್ಲ, ಮಗನ ಜಾಗ ಅಂತ. ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ.

ಆ ದಿನವೇ ಶಾಂತಪ್ಪ ಬೀಜ ತಂದ. ಮರಳಿನ ಜೊತೆ ಗೋಣಿಯಲ್ಲಿ ಹಾಕಿ ತಿಕ್ಕಿ, ಸಿಪ್ಪೆ ಗೀರಿ, ಮಣ್ಣು ಕೆದಕಿ ಮೇಲುಮೇಲೆ ಬಿತ್ತಿದರು. ಆಳಕ್ಕೆ ಬಿದ್ದರೆ ಬರುವುದಿಲ್ಲ, ಮೇಲೆ ಉಳಿದರೆ ಗುಬ್ಬಿ ಬಿಡುವುದಿಲ್ಲ. ರೋಣಗಲ್ಲು ಎಳೆದು ಒತ್ತಿದರು. ದಿನಾ ನೀರು ಚಿಮುಕಿಸಿದರು. ಅಕ್ಕ ಮನೆಯ ಕೆಲಸವನ್ನು ನನಗೆ ಬಿಟ್ಟು ಅಲ್ಲೇ ಇರುತ್ತಿದ್ದಳು. ಮೊಳಕೆಯೂ ಬಂತು, ತೆಳ್ಳಗೆ, ಕೂದಲಿನಂತೆ. ಆದರೆ ಅದರ ಬೇರು ಬೆರಳುದ್ದ. ಹಿಡಿಯುವಷ್ಟು ಇಳಿಯಲು ಎರಡು ಮಳೆಗಾಲವಾದರೂ ಬೇಕು. ಅದು ಎಲ್ಲರಿಗೂ ಗೊತ್ತಿದ್ದ ಮಾತು, ಆದ್ದರಿಂದ ಯಾರೂ ಆಡಲಿಲ್ಲ.

ಒಂದು ಬೆಳಿಗ್ಗೆ ಹೆಪ್ಪಿಗೆಂದು ಅಕ್ಕ ನಮ್ಮ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದಳು. ಮಲ್ಲಾಜಮ್ಮ ಆ ಮೆಟ್ಟಿಲಿನಿಂದ ಬಟ್ಟಲು ಚಾಚಿದಳು. ಕೈಗಳು ಸೇರಲಿಲ್ಲ. ಇಬ್ಬರೂ ಇನ್ನಷ್ಟು ಬಗ್ಗಿದರು. ಆಮೇಲೆ ಮಲ್ಲಾಜಮ್ಮ ಏನೂ ಆಗದವಳ ಹಾಗೆ ಬೀದಿಗಿಳಿದು ಬಂದು ಬಟ್ಟಲು ಕೊಟ್ಟು ಹೋದಳು. ಅಕ್ಕ ಒಳಗೆ ಬಂದು ಹಾಲಿಗೆ ಹೆಪ್ಪು ಹಾಕುವುದನ್ನು ಮರೆತು ಬಟ್ಟಲು ಹಿಡಿದುಕೊಂಡೇ ಕೂತಿದ್ದಳು.

ಮಾರನೇ ದಿನದಿಂದ ಅವಳು ನಮ್ಮ ಹುಲ್ಲನ್ನು ಕಡಿಯತೊಡಗಿದಳು. ಹಿತ್ತಲ ಅಂಚಿನಿಂದ ಚೌಕ ಚೌಕವಾಗಿ, ಬೇರು ಮಣ್ಣು ಸಮೇತ ಹೆಂಟೆ ಎಬ್ಬಿಸಿ, ಬುಟ್ಟಿಯಲ್ಲಿ ಹೊತ್ತು ಎದುರು ಮನೆಗೆ ಸಾಗಿಸಿ ಜೋಡಿಸಿದಳು. ಭಾವನವರು, ಅಂದರೆ ಅವಳ ಗಂಡ ಗುರುಸಿದ್ದಪ್ಪನವರು, ಮೊದಲು ಸುಮ್ಮನಿದ್ದರು. ಹಿತ್ತಲು ಮುಗಿದು ಪಕ್ಕದ ಓಣಿಗೆ ಗುದ್ದಲಿ ಬಂದಾಗ ತಡೆದರು.

"ಸಾಕು ಕಣೆ. ನಮ್ಮ ಬುಡ ನಾವೇ ಕಡ್ಕೊಂಡ್ರೆ ಹೆಂಗೆ?"

"ನಮ್ದು ಹಳೇ ಹುಲ್ಲು. ಒಂದು ಮಗ್ಗುಲು ಹೋದ್ರೆ ಏನೂ ಆಗಲ್ಲ."

"ಆಗಲ್ಲ ಅಂತ ಯಾರು ಹೇಳ್ತಾರೆ? ಮನೇಲಿ ಬಸುರಿ ಅವ್ಳೆ. ನಿನ್ನ ಗೆಳತಿ ಅಂತ ನಾನು ಇಷ್ಟು ದಿನ ಬಾಯಿ ಬಿಡಲಿಲ್ಲ."

ಅಕ್ಕ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ನನಗೆ ಭಾವನವರ ಮಾತೇ ಸರಿ ಅನ್ನಿಸಿತ್ತು. ಅಕ್ಕ ಗುದ್ದಲಿ ಎತ್ತಿಕೊಂಡು ಮತ್ತೆ ಕಡಿದಳು.

ಅದಾಗಿ ಕೆಲವೇ ದಿನಕ್ಕೆ ನಾನು ನಡುಮನೆಯಲ್ಲಿ ರಾಗಿ ಹಸನು ಮಾಡುತ್ತ ಕೂತಿದ್ದಾಗ ಒಡಲೊಳಗೆ ತೊಟ್ಟಿಲು ತೂಗಿದ ಹಾಗಾಯಿತು. ಮಗು ಒದ್ದದ್ದು ಅಂದುಕೊಂಡೆ. ಆದರೆ ಮೊರದ ಅಂಚಿನಲ್ಲಿದ್ದ ಒಂದು ರಾಗಿಕಾಳು ತಾನಾಗಿ ಉರುಳಿ ಪಡುವಣ ಗೋಡೆಗೆ ಹೋಗಿ ನಿಂತಿತು. ಎದ್ದು ಬಾಗಿಲು ಹಾಕಲು ನೋಡಿದರೆ ಅಗುಳಿ ಸೇರಲಿಲ್ಲ; ಒಂದು ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲು ಹಿಡಿದಿದ್ದ ಮನೆ ಓರೆಯಾಗಿತ್ತು. ನಾನು ಚೌಕಟ್ಟು ಹಿಡಿದುಕೊಂಡು ನಿಂತುಬಿಟ್ಟೆ. ಆಗ ಮಲ್ಲಾಜಮ್ಮ ಬೀದಿ ದಾಟಿ ಬರುತ್ತಿದ್ದಳು. ನನ್ನ ಮುಖ ನೋಡಿದಳು, ಸೇರದ ಅಗುಳಿ ನೋಡಿದಳು, ನನ್ನ ಹೊಟ್ಟೆ ನೋಡಿದಳು. ಹಾಗೇ ಹಿಂತಿರುಗಿ ಹೋದಳು.

ಅವಳು ಮತ್ತೆ ಬಂದಾಗ ತಲೆಯ ಮೇಲೆ ಬುಟ್ಟಿಯಿತ್ತು. ಸೀದಾ ನಮ್ಮ ಹಿತ್ತಲಿಗೆ ಹೋಗಿ, ಅಕ್ಕ ಕಡಿದ ಗುಂಡಿಯಲ್ಲಿ ಹೆಂಟೆ ಇಟ್ಟು ಕಾಲಿನಿಂದ ತುಳಿದು ಒತ್ತಿದಳು. ಇನ್ನೊಂದು ಬುಟ್ಟಿ ತಂದಳು. ಅಕ್ಕ ಕೆರೆಯಿಂದ ಬಟ್ಟೆ ಒಗೆದುಕೊಂಡು ಬಂದವಳು ಬಕೆಟ್ಟು ಕೆಳಗಿಟ್ಟು ನಿಂತಳು.

"ಏನ್ ಮಾಡ್ತಿದೀಯ ಮಲ್ಲಾಜಿ?"

"ನಿಂದು ನಿಂಗೆ ಹಾಕ್ತಿದೀನಿ."

"ಅಲ್ಲಿ ಹಿಡ್ಕೊಳ್ತಿತ್ತು. ಹೊಸ ಚಿಗುರು ಬಿಟ್ಟಿತ್ತು, ನಾನೇ ನೋಡಿದೀನಿ."

"ಚಿಗುರು ಬಿಟ್ಟಿತ್ತು. ಬೇರು ಬಿಟ್ಟಿರ್ಲಿಲ್ಲ. ನಿಂಗೂ ಗೊತ್ತು." ಅವಳು ಬಗ್ಗಿದವಳು ತಲೆ ಎತ್ತಲಿಲ್ಲ. "ಇನ್ನೂ ಎಂಟು ಬುಟ್ಟಿ ಆಗ್ತದೆ. ನೀರು ತಂದು ಹಾಕು, ಒಣಗೋಕೆ ಮುಂಚೆ."

ಅಕ್ಕ ನೀರು ತಂದು ಹಾಕಿದಳು. ಇಬ್ಬರೂ ಸಂಜೆಯವರೆಗೆ ಅದನ್ನೇ ಮಾಡಿದರು. ಕೊನೆಗೆ ಕೈಕಾಲು ತೊಳೆಯುವಾಗ ಅಕ್ಕ, "ನೀವಿಬ್ರೂ ಇಳಿದು ಬಂದ್ಬಿಡಿ. ನಮ್ಮ ಕೋಣೆ ಖಾಲಿ ಇದೆ. ಅಣ್ಣನ ಉಳಿ ಬಾಚಿ ಇಡೋಕೆ ಕೊಟ್ಟಿಗೆ ಪಕ್ಕ ಮಾಡು ಹಾಕ್ಸೋಣ" ಅಂದಳು. ಹಾಗೆ ಮನೆ ಬಿಟ್ಟು ಇಳಿದು ಬಂದವರು ಊರಲ್ಲಿ ಇಲ್ಲದಿಲ್ಲ.

"ಮುರಿಗೇನ?" ಅಂದಳು ಮಲ್ಲಾಜಮ್ಮ.

ಅಕ್ಕ ಕೊಡದಲ್ಲಿ ಉಳಿದ ನೀರನ್ನು ಹೆಂಟೆಗಳ ಮೇಲೆ ಸುರಿದಳು. ಆಮೇಲೆ ಮೆಲ್ಲಗೆ, "ಇಲ್ಲಿಗೆ ತರೋಣ. ನನ್ನ ಹುಲ್ಲಿನಡಿ ಇರ್ತಾನೆ" ಅಂದಳು.

"ಒಂದ್ಸಲ ಮಣ್ಣು ಹಾಕಿದೀನಿ ದೇವೀರಿ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ." ಸೆರಗಿನಿಂದ ಕೈ ಒರೆಸಿಕೊಂಡಳು. "ಅವನೊಬ್ಬನ್ನೇ ಕಳ್ಸೋಕೂ ಆಗಲ್ಲ."

ಹೀಗೆ ಎದುರು ಮನೆ ಹೊರಟಿತು. ಬೀದಿ ಅಗಲವಾಯಿತು. ಗಾಡಿಗಳು ಎದುರು ಬದುರು ಹೋಗುವಂತಾದಾಗ ಕೆಲವರು ಒಳ್ಳೆಯದೇ ಆಯಿತು ಅಂದುಕೊಂಡರು, ಬಾಯಿ ಬಿಟ್ಟು ಹೇಳಲಿಲ್ಲ. ಹಾಲು ಹಾಕುವವಳು ಸ್ವಲ್ಪ ಹೆಚ್ಚು ನಡೆದಳು. ಪಡುವಣ ಸಾಲಿನ ಮನೆಗಳವರು ತಮ್ಮ ಹುಲ್ಲಿನ ನಡುವೆ ಅವರಿಗೆ ದಾರಿ ಬಿಟ್ಟುಕೊಟ್ಟರು. ಮನೆ ಅವರ ಹಿತ್ತಲುಗಳ ನಡುವೆ ಬಾಗಿಲು ಕಿಟಕಿ ತೆರೆದುಕೊಂಡೇ ಮೆಲ್ಲಗೆ ಸರಿದು ಹೋಗುವಾಗ ಹೆಂಗಸರು ಒಳಗೆ ಕೂತ ಮಲ್ಲಾಜಮ್ಮನಿಗೆ ಕಿಟಕಿಯಲ್ಲಿ ವೀಳ್ಯ ಕೊಟ್ಟರು. ಶಾಂತಪ್ಪ ಜಗಲಿಯ ಮೇಲೆ ಕೂತು ಮರ ಕೆತ್ತುತ್ತಲೇ ಇದ್ದ.

ನನಗೆ ಹೆಣ್ಣು ಮಗು ಹುಟ್ಟಿತು. ನಾಮಕರಣಕ್ಕೆ ಅವರಿಬ್ಬರೂ ಬಂದರು. ಆ ಹೊತ್ತಿಗೆ ಮನೆ ಊರ ಅಂಚು ದಾಟಿ ಬಯಲಿಗಿಳಿದಿತ್ತು; ಮರಳಲ್ಲಿ ನಡೆದು ಬಂದ ಮಲ್ಲಾಜಮ್ಮನ ಸೀರೆಯ ಅಂಚೆಲ್ಲ ಧೂಳು. ಅಕ್ಕ ಅವಳಿಗೆ ಕಾಲು ತೊಳೆಯಲು ಬಿಸಿನೀರು ಕೊಟ್ಟಳು. ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಅಕ್ಕ ಮಗುವನ್ನು ಎತ್ತಿ ಅವಳ ಮಡಿಲಿಗೇ ಹಾಕಿದಳು. "ನೀನೇ ಇಡು. ಮುರಿಗೆಮ್ಮ ಅಂತ್ಲೇ ಇಟ್ರೂ ನೀಲಾ ಬೇಡ ಅನ್ನಲ್ಲ" ಅಂದಳು. ನಾನು ಹೂಂ ಅಂದೆ.

ಮಲ್ಲಾಜಮ್ಮ ಮಗುವಿನ ನೆತ್ತಿ ಮೂಸಿ ನೋಡಿದಳು. "ಬೇಡ. ಅವನ ಹೆಸರು ಅವನ ಹತ್ರಾನೇ ಇರ್ಲಿ" ಅಂದು ಬಗ್ಗಿ ಕಿವಿಯಲ್ಲಿ ಚೆನ್ನವೀರಿ ಅಂದಳು. ಊಟ ಮಾಡಿದಳು, ಎರಡನೇ ಸಲ ಪಾಯಸ ಹಾಕಿಸಿಕೊಂಡಳು. ಎಲೆಯಡಿಕೆ ಹಾಕಿಕೊಂಡು ಹೊರಟಾಗ ಅಕ್ಕ ಬಯಲಿನವರೆಗೆ ಜೊತೆಗೆ ಹೋದಳು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಅದೇ ಮಲ್ಲಾಜಮ್ಮ ಊರೊಳಗೆ ಕಾಲಿಟ್ಟ ಕಡೆಯ ಸಲ.

ಆಮೇಲೆ ಅಕ್ಕನೇ ಹೋಗುತ್ತಿದ್ದಳು. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಮೊದಮೊದಲು ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದಳು, ಬರಬರುತ್ತ ದೀಪ ಹಚ್ಚುವ ಹೊತ್ತಾಯಿತು. ಬಯಲಿನ ಮರಳು ಪಾದ ಹಿಡಿದು ಪಡುವಣಕ್ಕೆ ಎಳೆಯುತ್ತದೆ. ಹೋಗುವುದು ಸುಲಭ, ಬರುವುದು ಕಷ್ಟ. ಒಂದು ದಿನ ಬಂದವಳು ಹೊಸಿಲ ಮೇಲೆ ಕುಸಿದು ಕೂತಳು, ಮೀನಖಂಡ ಕಲ್ಲಾಗಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕಿದೆ. ಭಾವನವರು ಎದುರಿಗೆ ಬಂದು ಕೂತರು.

"ಇನ್ನು ಹೋಗಬೇಡ" ಅಂದರು. ಗದರಲಿಲ್ಲ. "ಇನ್ನೊಂದ್ಸಲ ಹೋದ್ರೆ ನೀನು ವಾಪಸ್ಸು ಬರೋಕಾಗಲ್ಲ. ಅಲ್ಲೇ ಇರ್ತೀನಿ ಅಂತಿದ್ರೆ ಹೇಳು. ನಾನು ಏನೂ ಅನ್ನಲ್ಲ."

ಅಕ್ಕ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿದಳು. ಕಟ್ಟಿ ಇಟ್ಟುಕೊಂಡು ಜಗಲಿಯ ಮೇಲೆ ಕೂತಳು. ಮಗು ಅಳುತ್ತಿತ್ತು, ನಾನು ಎತ್ತಿಕೊಂಡು ಆಚೀಚೆ ತಿರುಗುತ್ತಿದ್ದೆ, ಅವಳ ಕಡೆ ನೋಡದ ಹಾಗೆ. ಬಿಸಿಲು ಏರಿದ ಮೇಲೆ ಅವಳು ಬುತ್ತಿ ಬಿಚ್ಚಿ ಆ ರೊಟ್ಟಿಯನ್ನು ತಾನೇ ತಿಂದಳು. ನಾನು ಚಟ್ನಿ ತಂದು ಕೊಟ್ಟೆ. ಬೇಡ ಅಂದಳು.

ದೂರದಿಂದ ಆ ಮನೆ ಸ್ವಲ್ಪ ಕಾಲ ಕಾಣುತ್ತಿತ್ತು. ಊರ ಅಂಚಿನಲ್ಲಿ ನಿಂತು ಕೂಗಿದರೆ ಗಾಳಿ ಇತ್ತ ಬೀಸುವಾಗ ಮಲ್ಲಾಜಮ್ಮ ಓಗೊಟ್ಟದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಅವಳು ಒಣಹಾಕಿದ ಸೀರೆಯ ಬಣ್ಣ ಕಾಣುತ್ತಿತ್ತು. ಆಮೇಲೆ ಹೊಗೆ. ಬೆಳಿಗ್ಗೆ ಒಂದು, ಸಂಜೆ ಒಂದು. ಹೊಗೆ ಏಳುವುದು ತಡವಾದ ದಿನ ಅಕ್ಕ ಮನೆಗೂ ಬಯಲಂಚಿಗೂ ಓಡಾಡುತ್ತಿದ್ದಳು.

ಮನೆ ದಿಬ್ಬ ದಾಟಿದ ದಿನ ಬೀದಿಯವರೆಲ್ಲ ಹೋಗಿ ನೋಡಿದರು. ನಾನೂ ಮಗುವನ್ನು ಎತ್ತಿಕೊಂಡು ಹೋದೆ. ಮನೆ ದಿಬ್ಬದ ನೆತ್ತಿಯಲ್ಲಿ ಕೊಂಚ ಹೊತ್ತು ನಿಂತ ಹಾಗೆ ಕಂಡಿತು, ಪಕ್ಕದಲ್ಲಿ ಆ ಮನೆಯದೇ ನುಗ್ಗೆ ಮರ. ಆಮೇಲೆ ಜಗಲಿ ಇಳಿಯಿತು, ಆಮೇಲೆ ಬಾಗಿಲು, ಆಮೇಲೆ ಮಾಡು. ಹಿತ್ತಲು ಎಲ್ಲಕ್ಕೂ ಮೊದಲೇ ಆಚೆಗೆ ಇಳಿದಿತ್ತು. ಅಕ್ಕ ಬರಲಿಲ್ಲ. ನಾವು ವಾಪಸ್ಸು ಬಂದಾಗ ಅವಳು ನಮ್ಮ ಹಿತ್ತಲಲ್ಲಿ ಹುಲ್ಲು ಕೊಯ್ಯುತ್ತಿದ್ದಳು. "ತೆನೆ ಎದ್ದುಬಿಟ್ಟಿವೆ" ಅಂದಳು. 

ಮನೆ ಹೋದ ಜಾಗವನ್ನು ಬೋಳು ಬಿಡುವಂತಿಲ್ಲ. ಬಿಟ್ಟರೆ ಅಕ್ಕಪಕ್ಕದ ಹುಲ್ಲಿನ ಅಂಚು ಸಡಿಲವಾಗಿ ಇನ್ನೊಂದು ಮನೆ ಹೊರಡುತ್ತದೆ. ಮನೆ ದಿಬ್ಬ ದಾಟಿದ ಮೇಲೆ ಎದುರು ಮನೆಯವರೇ ಬಿತ್ತಬೇಕು ಅನ್ನುವುದು ಊರ ಪದ್ಧತಿ. ಭಾವನವರು ಆಳು ಕರೆಸುತ್ತೇನೆ ಅಂದರು. ಅಕ್ಕ ಬೇಡ ಅಂದು ತಾನೇ ಮಣ್ಣು ಕೆದಕಿದಳು, ತಾನೇ ಬೀಜ ತಿಕ್ಕಿದಳು. ನಾನು ಅವಳ ಜೊತೆ ರೋಣಗಲ್ಲಿಗೆ ಹೆಗಲು ಕೊಟ್ಟೆ. ಮೊಳಕೆ ಬರುವ ತನಕ ದಿನಾ ನೀರು, ಬಂದ ಮೇಲೆ ಕಳೆ ಕೀಳುವುದು, ಆ ವರ್ಷವೆಲ್ಲ ದನ ಬಾರದಂತೆ ಮುಳ್ಳು ಬೇಲಿ. ಅಷ್ಟು ಒತ್ತಾದ ಹುಲ್ಲು ನಮ್ಮ ಬೀದಿಯಲ್ಲಿ ಬೇರೆ ಎಲ್ಲೂ ಇರಲಿಲ್ಲ. ಒಂದು ಕಡೆ ಮಾತ್ರ, ಮೊರದಷ್ಟು ಅಗಲ, ಅವಳು ಬೀಜ ಹಾಕಿರಲಿಲ್ಲ.

ಪಕ್ಕದ ಮನೆಯ ಹಿರಿಯರು ಬಂದು ವಿಚಾರಿಸಿದರು. "ಅಲ್ಲೊಂದಿಷ್ಟು ಬೋಳು ಬಿಟ್ಟಿದೀಯಲ್ಲಮ್ಮ, ಮರೆತ್ಯಾ?"

"ಅಲ್ಲಿ ಒಲೆ ಇತ್ತು ಕಣಣ್ಣ" ಅಂದಳು ಅಕ್ಕ.

ಅವರು ಆ ಜಾಗವನ್ನು ನೋಡಿ, ಅಷ್ಟಕ್ಕೆ ಏನೂ ಆಗಲಿಕ್ಕಿಲ್ಲ ಅಂದುಕೊಂಡು ಹೋದರು.

ಬಹಿಯಾ ಹುಲ್ಲು ಬೀಜದಿಂದ ಬರುವಷ್ಟೇ ಬುಡದಿಂದಲೂ ಹಬ್ಬುತ್ತದೆ. ನೆಲಕ್ಕೆ ಅಂಟಿಕೊಂಡ ದಪ್ಪ ಗೆಣ್ಣುಗಳು ತೆವಳುತ್ತ, ಹೋದಲ್ಲೆಲ್ಲ ಬೇರೂರುತ್ತ ಬೆರಳು ಬೆರಳಾಗಿ ಮುಂದೆ ಬರುತ್ತವೆ. ಆ ಬೋಳಿನ ಸುತ್ತ ನಾಲ್ಕೂ ಕಡೆಯಿಂದ ಬರತೊಡಗಿದವು. ಅಕ್ಕ ಕೊಯ್ಯಲು ಹೋದಾಗಲೆಲ್ಲ ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಒಮ್ಮೆ ಕುಡುಗೋಲಿನ ಮೊನೆಯಿಂದ ಒಂದು ಗೆಣ್ಣು ಎಬ್ಬಿಸಲು ಹೋದವಳು ಹಾಗೇ ಬಿಟ್ಟಳು. ಮತ್ತೆ ಮುಟ್ಟಲಿಲ್ಲ.

ಅದರ ಮುಂದಿನ ಮಳೆಗಾಲ ಮುಗಿದ ಮೇಲೆ ಬೇಲಿ ತೆಗೆದು ಮೊದಲ ಸಲ ಕರು ಬಿಟ್ಟೆವು. ಚೆನ್ನವೀರಿ ಆಗ ಓಡಾಡುತ್ತಿದ್ದಳು. ಕರುವಿನ ಬಾಲ ಹಿಡಿಯಲು ಹೋಗಿ ಬಿದ್ದು ಎದ್ದು ನಗುತ್ತಿದ್ದಳು. ಅಕ್ಕ ಆ ಕಡೆ ಈ ಕಡೆ ನಾಲ್ಕು ಹೆಜ್ಜೆ ಇಟ್ಟು ನಿಂತಳು, ಮತ್ತೆ ನಾಲ್ಕು ಹೆಜ್ಜೆ ಇಟ್ಟಳು.

"ಒಲೆ ಇಲ್ಲೇ ಇತ್ತಲ್ವೇನೇ ನೀಲಾ?"

ನಾನು ಹತ್ತಿರ ಹೋಗಿ ನೋಡಿದೆ. ಎಲ್ಲ ಕಡೆಯೂ ಒಂದೇ ಹಸಿರು. ಗುರುತಿಗೆ ಒಂದು ಕಲ್ಲಿಲ್ಲ, ಮರವಿಲ್ಲ. ನನಗೂ ತಿಳಿಯಲಿಲ್ಲ.

"ಇಲ್ಲೇ ಅಕ್ಕ" ಅಂದೆ.

ಅವಳು ಸೀರೆ ಮಡಚಿಕೊಂಡು ಅಲ್ಲೇ ಕೂತಳು. ಅಂಗೈಯನ್ನು ಹುಲ್ಲಿನ ಮೇಲೆ ಇಟ್ಟುಕೊಂಡಿದ್ದಳು. ಕರು ತಲೆ ಬಗ್ಗಿಸಿ ಮೇಯುತ್ತ ಮೇಯುತ್ತ ಅವಳ ಮೊಣಕಾಲಿನ ತನಕ ಬಂತು. ಅಕ್ಕ ಅದನ್ನು ತಳ್ಳಲಿಲ್ಲ. ಕೈ ತೆಗೆದು, ಸ್ವಲ್ಪ ಆಚೆ ಸರಿದು ಕೂತಳು.